ಡಿಸ್ಕಿನ ತುದಿಯಲ್ಲಿದ್ದ ಎರಡನೆಯ ಪಟ್ಟಿ

ಬೀದರಿನ ಗಾಂಧಿ ಗಂಜದ ಹಿಂದಿರುವ ನಮ್ಮ ಆಫೀಸಿಗೆ ಮೊನ್ನೆ ಹೊಸ ಹಾರ್ಡ್ ಡಿಸ್ಕ್ ಬಂತು. ಬೆಳ್ಳಿ ಬಣ್ಣದ ಚೀಲ ಹರಿದೊಡನೆ ಎಣ್ಣೆ, ಪ್ಲಾಸ್ಟಿಕ್ ಬೆರೆತ ವಾಸನೆ ಮೂಗಿಗೆ ಬಡಿಯಿತು. ಜೋಡಿಸಿದಾಗ ಪರದೆ ಕೇಳಿತು: ಎಂಬಿಆರೋ, ಜಿಪಿಟಿಯೋ? ಭಾಲ್ಕಿಯ ಮಾಸ್ತರು ನೆನಪಾದರು...

ಬಸ್ ನಿಲ್ದಾಣದ ಎದುರು ಅವರದೊಂದು ಕಂಪ್ಯೂಟರ್ ಅಂಗಡಿ. ಮುಂಜಾನೆ ಪಾಠ, ಮಧ್ಯಾಹ್ನ ರಿಪೇರಿ. ಡಿಗ್ರಿ ಮುಗಿಸಿದ ನಾನು ಅಲ್ಲಿ ಕೆಲಸಕ್ಕಿದ್ದೆ, ಸಣ್ಣಪುಟ್ಟ ಸಾಫ್ಟ್‌ವೇರ್ ಬರೆಯುತ್ತಿದ್ದೆ. ಡಿಸ್ಕನ್ನು ಭಾಗ ಮಾಡುವ ಈ ಎರಡು ಪದ್ಧತಿಗಳನ್ನು ಅವರಷ್ಟು ತಿಳಿಯಾಗಿ ಯಾರೂ ನನಗೆ ಹೇಳಿಲ್ಲ. ಹಳೆಯ ಎಂಬಿಆರ್‌ನಲ್ಲಿ ಯಾವ ಭಾಗ ಎಲ್ಲಿದೆ ಎಂಬ ಪಟ್ಟಿ ಡಿಸ್ಕಿನ ತೀರ ಆರಂಭದ ತುಣುಕಾದ ಮೊದಲ ಸೆಕ್ಟರಿನಲ್ಲಿರುತ್ತದೆ. ನಾಲ್ಕೇ ಮುಖ್ಯ ಭಾಗ. ಎರಡು ಟೆರಾಬೈಟಿನಾಚೆ ಅದಕ್ಕೆ ಕಾಣದು. ಪಟ್ಟಿ ಕೆಟ್ಟರೆ ಡಿಸ್ಕ್ ಕುರುಡು. ಹೊಸ ಜಿಪಿಟಿಯಲ್ಲಿ ನೂರಕ್ಕೂ ಹೆಚ್ಚು ಭಾಗ ಮಾಡಬಹುದು, ಪಟ್ಟಿಯ ಇನ್ನೊಂದು ಪ್ರತಿ ಡಿಸ್ಕಿನ ತುದಿಯಲ್ಲೂ ಇರುತ್ತದೆ. ಹಳೆಯ ಸಾಫ್ಟ್‌ವೇರ್ ಡಿಸ್ಕನ್ನು ಖಾಲಿ ಎಂದು ತಿಳಿಯಬಾರದೆಂದು ಇದರ ಮೊದಲ ಸೆಕ್ಟರಿನಲ್ಲೂ ಹೆಸರಿಗೊಂದು ಎಂಬಿಆರ್ ಇಟ್ಟಿರುತ್ತಾರೆ.

"ಮೊದಲನೇದಷ್ಟೇ ಓದಿ ಮುಂದ ಹೋಗಬ್ಯಾಡ್ರಿ," ಎನ್ನುತ್ತಿದ್ದರು. "ಅದು ಬರೀ ಕಾವಲಿಗಿ ಕುಂತದ. ಮನಿ ಒಳಗ ಯಾರದಾರ ನೋಡ್ರಿ."

ನಾನು ನೋಡಲಿಲ್ಲ. ಡಿಸ್ಕ್ ಸಿದ್ಧಪಡಿಸಲು ನಾನು ಬರೆದಿದ್ದ ಪ್ರೋಗ್ರಾಂ ಮೊದಲ ಸೆಕ್ಟರನ್ನಷ್ಟೇ ಓದುತ್ತಿತ್ತು. ಔರಾದಿನ ಫೋಟೊ ಸ್ಟುಡಿಯೋದವರು ತಮ್ಮ ಡಿಸ್ಕಿನದೊಂದು ನಕಲು ಮಾಡಿಸಿಕೊಳ್ಳಲು ಬಂದಿದ್ದರು. ಅವರದು ಜಿಪಿಟಿ ಡಿಸ್ಕು. ಸುತ್ತಲ ಹಳ್ಳಿಗಳ ಎಷ್ಟೋ ವರ್ಷದ ಮುಖಗಳು ಅದರಲ್ಲಿದ್ದವು. ಯಾರಾದರೂ ತೀರಿಕೊಂಡರೆ, ಗೋಡೆಗೆ ಹಾಕಲು ಒಂದು ಫೋಟೊ ಬೇಕೆಂದು ಮನೆಯವರು ಬರುತ್ತಿದ್ದುದು ಅವರಲ್ಲಿಗೇ. ನಕಲಿಗೆಂದು ತಂದ ಹೊಸ ಡಿಸ್ಕಿನ ಜೊತೆ ಅದನ್ನೂ ಜೋಡಿಸಿ ನನ್ನ ಪ್ರೋಗ್ರಾಂ ಓಡಿಸಿದೆ. ಅದು ಅವರ ಡಿಸ್ಕನ್ನೂ ಗುರುತಿಲ್ಲದ ಡಿಸ್ಕೆಂದು ತಿಳಿದು, ಆರಂಭದ ಪಟ್ಟಿಯ ಮೇಲೆ ಹೊಸ ಪಟ್ಟಿ ಬರೆದುಬಿಟ್ಟಿತು.

ಊಟ ಮುಗಿಸಿ ಬಂದ ಮಾಸ್ತರು ನನ್ನ ಮುಖ ನೋಡಿ, "ಯಾಕ್ರಿ, ಏನಾಯ್ತು?" ಎಂದರು.

"ಡಿಸ್ಕ್ ಮೊದಲೇ ಕೆಟ್ಟಿತ್ರಿ ಸರ್. ಕಟ್ ಕಟ್ ಸಪ್ಪಳ ಬರ್ಲಿಕತ್ತಿತ್ತು."

ಸಪ್ಪಳ ಮಾಡುವ ಡಿಸ್ಕನ್ನು ಮತ್ತೆ ಚಾಲೂ ಮಾಡಿದರೆ ಒಳಗೆ ಉಳಿದದ್ದೂ ಹಾಳಾಗುತ್ತದೆ. ಅವರು ಥಟ್ಟನೆ ವೈರು ಕಿತ್ತರು. ನಿಜ ಹೇಳಿದ್ದರೆ ತುದಿಯಲ್ಲಿದ್ದ ಪ್ರತಿಯಿಂದ ಅಂದು ಸಂಜೆಯೊಳಗೆ ಎಲ್ಲವನ್ನೂ ಮರಳಿ ತರುತ್ತಿದ್ದರು. ಅಲ್ಲಿ ನಿಂತಾಗ ಅದೂ ನನಗೆ ಗೊತ್ತಿತ್ತು...

ಮರುದಿನ ಸ್ಟುಡಿಯೋದವರು ಕೂಗಾಡಿದರು. "ನಿಮ್ಮ ಭರೋಸೆ ಮ್ಯಾಲ ಕೊಟ್ಟಿದ್ದೆನ್ರಿ ಮಾಸ್ತರ!"

ಮಾಸ್ತರು ಕೈ ಮುಗಿದರು. "ನನ್ನ ಅಂಗಡ್ಯಾಗ ಆಗ್ಯಾದ, ತಪ್ಪು ನಂದೇ ರಿ. ಹೈದರಾಬಾದಿಗಿ ಒಯ್ದು ಕೆಟ್ಟ ಡಿಸ್ಕಿನಿಂದ ಫೋಟೊ ತೆಗೆಯೋರಿಗಿ ತೋರಿಸ್ರಿ. ನಡುವ ಎಲ್ಲೂ ಚಾಲೂ ಮಾಡಬ್ಯಾಡ್ರಿ."

ಅವರು ಹೈದರಾಬಾದಿಗೆ ಹೋಗಲೇ ಇಲ್ಲ. ಔರಾದಿನಲ್ಲೇ ಯಾರೋ ಆ ಡಿಸ್ಕನ್ನು ಫಾರ್ಮ್ಯಾಟ್ ಮಾಡಿಕೊಟ್ಟರಂತೆ, ಅದರ ಮೇಲೆ ಹೊಸ ಮದುವೆಗಳ ಫೋಟೊ ತುಂಬಿದವಂತೆ. ಡಿಸ್ಕ್ ಸದ್ದಿಲ್ಲದೆ ಓಡುತ್ತಿದೆ ಎಂದು ಪಾಠಕ್ಕೆ ಬರುತ್ತಿದ್ದ ಔರಾದಿನ ಹುಡುಗಿಯೊಬ್ಬಳು ನನಗೆ ಹೇಳಿದಳು. ಅದನ್ನೂ ಮಾಸ್ತರಿಂದ ಮುಚ್ಚಿಟ್ಟೆ.

ಮಾಸ್ತರ ಕೈಗೆ ಕೊಟ್ಟದ್ದು ಉಳಿಯುವುದಿಲ್ಲ ಎಂಬ ಮಾತು ಹಬ್ಬಿತು. ರಿಪೇರಿ ನಿಂತಿತು, ಪಾಠಕ್ಕೂ ಜನ ಬರಲಿಲ್ಲ. ಅಂಗಡಿ ಮುಚ್ಚಿ ಅವರು ತಮ್ಮೂರು ಮೆಹಕರದ ಹೊಲಕ್ಕೆ ಹೋದರು. ಹೋಗುವ ಮುಂಚೆ ನನಗೊಂದು ಶಿಫಾರಸು ಪತ್ರ ಬರೆದುಕೊಟ್ಟರು. ಅದನ್ನು ಹಿಡಿದೇ ನಾನು ಬೀದರಿನ ಈ ಕೆಲಸಕ್ಕೆ ಸೇರಿದ್ದು.

ಹೋದ ವರ್ಷ ಅವರು ತೀರಿಕೊಂಡರೆಂದು ತಿಳಿದು ಮೆಹಕರಕ್ಕೆ ಹೋಗಿದ್ದೆ. ಅವರ ಹೆಂಡತಿ ಚಹಾ ತಂದಿಟ್ಟರು. "ನಿಮ್ಮನ್ನ ಭಾಳ ನೆನಸ್ತಿದ್ರು ರಿ. ಆ ಹುಡುಗ ಸುಳ್ಳು ಹೇಳಂಗಿಲ್ಲ ಅಂತಿದ್ರು."

ಹೇಳಿಬಿಡಬೇಕೆಂದೇ ಹೋಗಿದ್ದವನು ಚಹಾ ಕುಡಿದು ಎದ್ದು ಬಂದೆ. ಕೇಳಬೇಕಾದವರು ಹೇಗೂ ಇರಲಿಲ್ಲ...

ಮೊನ್ನೆ ನಾನು ಜಿಪಿಟಿ ಆರಿಸಿದಾಗ ಪಕ್ಕದ ಮೇಜಿನವರು ಎರಡಕ್ಕೂ ಏನು ವ್ಯತ್ಯಾಸ ಎಂದು ಕೇಳಿದರು. ಮಾಸ್ತರ ಮಾತಿನಲ್ಲೇ ಎಲ್ಲ ಬಿಡಿಸಿ ಹೇಳಿದೆ.

"ಎಷ್ಟ ಛಂದ ಹೇಳಿದ್ರಿ. ಯಾರ ಕಡಿ ಕಲ್ತ್ರಿ?"

ಅವರ ಹೆಸರು ಹೇಳಿದರೆ ಉಳಿದದ್ದನ್ನೂ ಹೇಳಬೇಕಾಗುತ್ತಿತ್ತು.

"ಯಾರ ಕಡೀನೂ ಇಲ್ರಿ," ಎಂದೆ. "ಕೆಲಸ ಮಾಡ್ತಾ ಮಾಡ್ತಾ ಬಂತು."