ಪಿರಮಿಡ್ ಇಲ್ಲದ ಐಗುಪ್ತ

ಹೊಸಕೋಟೆಯಲ್ಲಿ ನನ್ನದು ಹಳೇ ಬಾಗಿಲು, ಕಿಟಕಿ, ತೊಲೆಗಳ ವ್ಯಾಪಾರ. ಸುತ್ತಮುತ್ತ ಯಾರಾದರೂ ಹಳೇ ಮನೆ ಕೆಡವುತ್ತಾರೆಂದರೆ ಮೊದಲು ಹೋಗಿ ನಿಲ್ಲುವವಳು ನಾನು. ಓದು ಏಳನೇ ಕ್ಲಾಸಿಗೇ ನಿಂತಿತು. ಆದರೆ ಗೋಡೆಯನ್ನು ಉಗುರಿನಲ್ಲಿ ಕೆರೆದು, ಅದು ಎಷ್ಟು ಸಲ ಸುಣ್ಣ ಕಂಡಿದೆ, ಕಟ್ಟಿಸಿದವನು ಉಳ್ಳವನೋ ಇಲ್ಲದವನೋ ಎಂದು ಹೇಳಬಲ್ಲೆ. ಹಳೇ ಮನೆ ಕೊಳ್ಳುವವರಿಗೆ ಒಂದು ಮಾತು: ಮೇಲಿನ ಬಣ್ಣ ನೋಡಿ ಬೆಲೆ ಕಟ್ಟಬೇಡಿ, ಮೂಲೆಯಲ್ಲೊಂದು ಕಡೆ ಕೆರೆದು ನೋಡಿ. ಮಾರುವವನು ಬೇಡವೆಂದರೆ ಅಲ್ಲಿಂದ ಎದ್ದು ಬನ್ನಿ.

ನಾಲ್ಕು ವರ್ಷ ನಮ್ಮ ಚರ್ಚಿನಲ್ಲಿ ಬುಧವಾರದ ಹೆಂಗಸರ ಬೈಬಲ್ ಕ್ಲಾಸು ನಡೆಸಿದವಳೂ ನಾನೇ. ವ್ಯಾಪಾರದಲ್ಲಿ ಗೆದ್ದ ಯಾವುದಕ್ಕಿಂತಲೂ ನನಗೆ ಆ ಕ್ಲಾಸೇ ಹೆಚ್ಚು. ಹೈಸ್ಕೂಲು ಮೆಟ್ಟಿಲು ಹತ್ತದವಳ ಮುಂದೆ ಇಪ್ಪತ್ತು ಜನ ಪುಸ್ತಕ ಬಿಚ್ಚಿ ಕೂರುತ್ತಾರೆಂದರೆ ಸುಮ್ಮನೆಯೇ? ಈ ವರ್ಷ ಅದು ಕೈಬಿಟ್ಟು ಹೋಯಿತು. ಹೋದದ್ದಕ್ಕಿಂತ, ಹೋದ ರೀತಿ ನೆನೆದರೆ ಈಗಲೂ ಮೈ ಉರಿಯುತ್ತದೆ.

ಇಸ್ರಾಯೇಲರು ಐಗುಪ್ತದ, ಅಂದರೆ ಈಜಿಪ್ಟಿನ, ದಾಸ್ಯದಿಂದ ಬಿಡುಗಡೆಯಾದ ಕಥೆ ಹೇಳುವ ವಿಮೋಚನಕಾಂಡ ಶುರು ಮಾಡುವ ಮೊದಲು ನಮ್ಮ ಅಯ್ಯನವರು, ಅಂದರೆ ಸಭೆಯ ಪಾದ್ರಿ, ತಾವು ಕಾಲೇಜಿನಲ್ಲಿ ಓದಿದ ಇಂಗ್ಲಿಷ್ ಪುಸ್ತಕವೊಂದನ್ನು ನನಗೆ ಕೊಟ್ಟಿದ್ದರು. ಐಗುಪ್ತದಲ್ಲಿ ನೆಲ ಅಗೆದು ಬೆಳಕಿಗೆ ತಂದ ಜಾಗಗಳ ಪುಸ್ತಕ. ಮಗಳು ಸಂಜೆ ಸಂಜೆ ಓದಿ ಅರ್ಥ ಹೇಳಿದಳು. ಇಸ್ರಾಯೇಲರು ಬಿಟ್ಟಿ ದುಡಿದು ಕಟ್ಟಿದ ಪಿತೋಮ್, ರಾಮ್ಸೇಸ್ ಎಂಬ ಉಗ್ರಾಣದ ಪಟ್ಟಣಗಳು ನೈಲ್ ನದಿ ಸಮುದ್ರ ಸೇರುವ ಕಡೆಯ ತಗ್ಗುನೆಲದಲ್ಲಿದ್ದವಂತೆ. ಪಿತೋಮ್ ಯಾವುದೆಂದು ಎರಡು ದಿಬ್ಬಗಳ ಮಧ್ಯೆ ಪಂಡಿತರ ಜಗಳ ಇನ್ನೂ ಮುಗಿದಿಲ್ಲ. ಅಲ್ಲೆಲ್ಲ ಸಿಕ್ಕಿದ್ದು ಹಸಿ ಇಟ್ಟಿಗೆ. ಸುಡದೆ, ಹುಲ್ಲು ಬೆರೆಸಿದ ಮಣ್ಣನ್ನು ಬಿಸಿಲಿನಲ್ಲಿ ಒಣಗಿಸಿದ್ದು. ಕಲ್ಲಿನ ದೊಡ್ಡ ಪಿರಮಿಡ್‌ಗಳಿರುವುದು ಬೇರೆ ಕಡೆ. ಇಸ್ರಾಯೇಲರನ್ನು ಬಿಡಿಸಿದ ಮೋಶೆ ಹುಟ್ಟುವ ಎಷ್ಟೋ ತಲೆಮಾರು ಮೊದಲೇ ಅವು ಹಳತಾಗಿದ್ದವು.

ಚಿತ್ರ ನೋಡಿ ನಾನು ಎದ್ದು ಕೂತೆ. ಇದು ನನ್ನ ಮಾಲು! ಜಡಿಗೇನಹಳ್ಳಿ ಕಡೆ ಆ ವಾರವಷ್ಟೇ ಕೆಡವಿಸಿದ ಮನೆಯ ಹಸಿ ಇಟ್ಟಿಗೆಯೊಂದನ್ನು ಬುಧವಾರ ಕ್ಲಾಸಿಗೆ ಒಯ್ದು, ಪೇಪರ್ ಹಾಸಿ ಎಲ್ಲರ ಮುಂದೆ ಒಡೆದೆ. ಒಳಗೆ ರಾಗಿ ಹುಲ್ಲಿನ ಕಡ್ಡಿಗಳು.

ಹೂವಿನ ತೋಟ ಮಾಡುವ ಅಜ್ಜಿಯೊಬ್ಬರು ಮುಂದೆ ಬಗ್ಗಿದರು. "ಅಯ್ಯೋ, ನಮ್ಮಪ್ಪ ಗೋಡೆ ಇಕ್ಕೋವಾಗ ನಾವೂ ಹಿಂಗೇ ತುಳಿದಿದ್ವಿ ಕಣಮ್ಮ. ಹುಲ್ಲು ಕಮ್ಮಿಯಾದ್ರೆ ಬಿರುಕು ಬಿಡ್ತದೆ."

"ಅದಕ್ಕೇ ಐಗುಪ್ತದ ರಾಜ ಫರೋಹ ಹುಲ್ಲು ಕೊಡೋದು ನಿಲ್ಲಿಸಿದ್ದು ಅಷ್ಟು ದೊಡ್ಡ ಹಿಂಸೆ. ಹೊಲದಲ್ಲಿ ಕೂಳೆ ಆಯ್ದು ತರಬೇಕು, ಇಟ್ಟಿಗೆ ಲೆಕ್ಕ ಮಾತ್ರ ಒಂದೂ ಕಮ್ಮಿ ಆಗಂಗಿಲ್ಲ" ಎಂದೆ. ಎಲ್ಲರೂ ಲೊಚಗುಟ್ಟಿದರು. ಆ ಹುರುಪಿನಲ್ಲೇ ಸೇರಿಸಿದೆ: "ಪಿರಮಿಡ್ ಇವರು ಕಟ್ಟಿದ್ದಲ್ಲ."

"ಮತ್ತೆ ಸಿನಿಮಾದಲ್ಲಿ ತೋರಿಸ್ತಾರಲ್ಲಕ್ಕಾ?" ಹಿಂದಿನಿಂದ ಒಬ್ಬಳು ಕೇಳಿದಳು.

"ಬೈಬಲ್‌ನಲ್ಲಿ ಪಿರಮಿಡ್ ಅನ್ನೋ ಮಾತು ಎಲ್ಲಿದೆ, ನೀನೇ ತೋರಿಸು ನೋಡಣ."

ಅಷ್ಟೇ. ಸಂಜೆಯೊಳಗೆ ಆ ಮಾತು ಮೇಷ್ಟ್ರ ಕಿವಿಗೆ ಬಿತ್ತು. ಮೇಷ್ಟ್ರು ನಿವೃತ್ತ ಹೆಡ್‌ಮಾಸ್ಟರು, ಸಭೆಯ ಕಮಿಟಿ ಕಾರ್ಯದರ್ಶಿ. ಕ್ಲಾಸು ನಡೆಯುವ ಚರ್ಚ್ ಹಾಲ್‌ನ ಗೋಡೆಯಲ್ಲಿರುವ ಐಗುಪ್ತದ ದೊಡ್ಡ ಚಾರ್ಟು ಅವರೇ ಕೈಯಾರೆ ಬರೆದದ್ದು. ಅದರ ತುಂಬ ಪಿರಮಿಡ್, ಪಿರಮಿಡ್‌ನ ಮೇಲೆ ಕಲ್ಲು ಹೊತ್ತ ಇಸ್ರಾಯೇಲರು. ಭಾನುವಾರ ಆರಾಧನೆ ಮುಗಿದ ಮೇಲೆ ಕಮಿಟಿಯ ಮುಂದೆ ನನ್ನನ್ನು ಕರೆಸುತ್ತೇವೆಂದು ಹೇಳಿ ಕಳಿಸಿದರು.

ಶನಿವಾರ ಅಯ್ಯನವರು ನನ್ನ ಅಂಗಡಿಗೆ ಬಂದರು. ಬಾಗಿಲುಗಳ ಸಾಲಿನ ಮಧ್ಯೆ ನಿಂತು ಮೆಲ್ಲಗೆ ಹೇಳಿದರು: "ಅಕ್ಕಾ, ನೀವು ಹೇಳಿದ್ದು ಸರೀನೇ. ನಾವು ಕಾಲೇಜಲ್ಲಿ ಓದಿದ್ದೂ ಅದೇ."

"ಹಂಗಾದ್ರೆ ಭಾನುವಾರ ಪೀಠದ ಮೇಲಿಂದ ಹೇಳ್ಬಿಡಿ ಅಯ್ಯನವರೇ. ಅರ್ಧ ನಿಮಿಷ ಸಾಕು."

"ಮೇಷ್ಟ್ರು ಹಿರಿಯರು. ಮನಸ್ಸು ನೋಯುತ್ತೆ."

"ಪೂರ್ತಿ ಬೇಡ. ಆಯಮ್ಮ ಹೇಳಿದ್ರಲ್ಲಿ ತಪ್ಪಿಲ್ಲ ಅಂತ ಕಮಿಟೀಲಾದ್ರೂ ಹೇಳಿ."

"ಪ್ರಾರ್ಥನೆ ಮಾಡೋಣ ಅಕ್ಕಾ."

ಮನೆಯಲ್ಲಿ ಕೇಳಿ ಹೇಳ್ತೀನಿ ಅಂದ ಗಿರಾಕಿ ತಿರುಗಿ ಬಂದದ್ದನ್ನು ನಾನು ನೋಡಿಲ್ಲ. ಇದೂ ಅದೇ ಜಾತಿಯ ಮಾತೆಂದು ಅಲ್ಲೇ ಗೊತ್ತಾಯಿತು. ನಿಮಗೂ ಹೇಳುತ್ತೇನೆ: ಒಬ್ಬರೇ ಇದ್ದಾಗ ನೀವು ಹೇಳಿದ್ದು ಸರಿ ಎನ್ನುವವರನ್ನು ಸಾಕ್ಷಿಗೆ ನಂಬಿಕೊಳ್ಳಬೇಡಿ.

ಭಾನುವಾರ ಮೇಷ್ಟ್ರು ನಿಂತೇ ಮಾತಾಡಿದರು. "ಪಿರಮಿಡ್ಡೇ ಇಲ್ಲದ ಐಗುಪ್ತ ಎಂಥದಮ್ಮಾ? ನಾಳೆ ಮೋಶೆ ದಾಟಿಸಿದ ಕೆಂಪು ಸಮುದ್ರಾನೂ ಇಲ್ಲ ಅಂತೀಯಾ?"

"ಇದೆ ಮೇಷ್ಟ್ರೇ, ಬೈಬಲ್‌ನಲ್ಲಿದೆ. ಪಿರಮಿಡ್ ಇಲ್ಲ, ಅಷ್ಟೇ ನಾನು ಹೇಳಿದ್ದು. ಪುಸ್ತಕ ಅಯ್ಯನವರದೇ, ಅವರನ್ನೇ ಕೇಳಿ."

ಎಲ್ಲರೂ ಅಯ್ಯನವರ ಕಡೆ ನೋಡಿದರು. "ಹಲವು ಅಭಿಪ್ರಾಯಗಳಿವೆ" ಎಂದರು ಅವರು. ಆ ಮನುಷ್ಯನ ಕಾಲರ್ ಹಿಡಿದು ಅಲುಗಿಸಬೇಕೆನ್ನಿಸಿತು. ದೇವರ ಸೇವಕರಲ್ಲವೇ ಎಂದು ಕೈ ಕಟ್ಟಿಕೊಂಡು ಕೂತೆ.

ಕ್ಲಾಸನ್ನು ನನ್ನಿಂದ ತೆಗೆದು ಮೇಷ್ಟ್ರಿಗೆ ಕೊಡಬೇಕೆಂದು ಕಮಿಟಿಯವರು ಹೊರಟರು. ಅದು ಖಾತ್ರಿಯಾದ ಮೇಲೆ ನಾನು ಚೌಕಾಸಿಗಿಳಿದೆ. ವಿಮೋಚನಕಾಂಡ ಮುಗಿಯುವವರೆಗೆ, ಇನ್ನೊಂದು ನಾಲ್ಕು ತಿಂಗಳು, ಅವರು ನಡೆಸಲಿ, ಅದಾದ ಮೇಲೆ ಯೇಸುವಿನ ಕಥೆಯಿರುವ ಹೊಸ ಒಡಂಬಡಿಕೆ ಎತ್ತಿಕೊಳ್ಳುವಾಗ ನನಗೆ ವಾಪಸ್ ಬರಲಿ ಎಂದೆ. ಮೇಷ್ಟ್ರು ಒಪ್ಪಿದರು, ಒಂದು ಷರತ್ತಿನ ಮೇಲೆ: ಅಲ್ಲಿಯವರೆಗೆ ಕ್ಲಾಸಿನಲ್ಲಿ ನಾನು ಬಾಯಿ ಬಿಡಬಾರದು. ನಾಲ್ಕು ತಿಂಗಳ ಮೌನ ಕೊಟ್ಟು ಕ್ಲಾಸು ಉಳಿಸಿಕೊಂಡೆ, ಒಳ್ಳೇ ವ್ಯಾಪಾರ ಎಂದುಕೊಂಡು ಮನೆಗೆ ಹೋದೆ.

ಮುಂದಿನ ಬುಧವಾರ ಮೇಷ್ಟ್ರು ಕೋಲು ಹಿಡಿದು ಚಾರ್ಟಿನ ಪಕ್ಕ ನಿಂತಿದ್ದರು. ಅಯ್ಯನವರು ಬಾಗಿಲ ಬಳಿಯ ಕುರ್ಚಿಯಲ್ಲಿ, ನಾನು ಹಿಂದಿನ ಬೆಂಚಿನಲ್ಲಿ. ಪಾಠ ಅರ್ಧಕ್ಕೆ ಬಂದಾಗ ಹೂವಿನ ತೋಟದ ಅಜ್ಜಿ ಕೇಳಿದರು: "ಮೇಷ್ಟ್ರೇ, ಕಲ್ಲಲ್ಲಿ ಕಟ್ಟಿದ್ರು ಅಂತೀರಿ. ಕಲ್ಲಿಗೆ ಹುಲ್ಲು ಯಾಕೆ ಬೇಕಿತ್ತು?"

ನನ್ನ ಎದೆ ಹಗುರಾಯಿತು. ನಾನು ಬಾಯಿ ಬಿಡುವ ಅಗತ್ಯವೇ ಇಲ್ಲವಲ್ಲ!

ಮೇಷ್ಟ್ರು ಒಂದು ಕ್ಷಣವೂ ತಡವರಿಸಲಿಲ್ಲ. "ಕಲ್ಲು ಎಳೆಯೋ ಎತ್ತುಗಳಿಗೆ ಕಣಮ್ಮ. ಎತ್ತು ಹುಲ್ಲು ತಿನ್ನದೆ ಎಳೀತದಾ?"

"ಹೌದಲ್ವಾ!" ಎಂದು ಇಡೀ ಕ್ಲಾಸು ತಲೆದೂಗಿತು. ಹಸು ಕಟ್ಟಿದವರು, ಹಾಲು ಡೇರಿಗೆ ಹಾಕುವವರು. ಎತ್ತಿಗೆ ಹುಲ್ಲು ಎಂದರೆ ಯಾರು ಬೇಡವೆನ್ನುತ್ತಾರೆ? ತನ್ನ ಕಾಲಲ್ಲೇ ಮಣ್ಣು ತುಳಿದಿದ್ದ ಅಜ್ಜಿಯ ಮುಖದಲ್ಲೂ ಅನುಮಾನ ತೀರಿದ ಸಮಾಧಾನ. ಅಯ್ಯನವರನ್ನು ನೋಡಿದೆ. ಮೊಬೈಲ್ ನೋಡುತ್ತಿದ್ದರು.

ಅಜ್ಜಿ ಹಿಂತಿರುಗಿ ನನ್ನನ್ನು ಕೇಳಿದರು. "ಎತ್ತಿಗಂತೆ ಕಣಮ್ಮ, ಅಲ್ವಾ?"

ಸುಮ್ಮನೆ ತಲೆ ಆಡಿಸಿದ್ದರೆ ಮುಗಿದುಹೋಗುತ್ತಿತ್ತು. ನಾಲ್ಕು ತಿಂಗಳು, ಆಮೇಲೆ ಕ್ಲಾಸು ನನ್ನದು.

"ಅಲ್ಲ ಕಣಜ್ಜಿ, ಇಟ್ಟಿಗೆಗೆ. ಐದನೇ ಅಧ್ಯಾಯ ತೆಗೆದು ನೋಡಿ, ಬರೆದದೆ" ಎಂದೆ.

ಮೇಷ್ಟ್ರು ಕೋಲನ್ನು ಮೇಜಿನ ಮೇಲಿಟ್ಟರು. "ಮಾತು ಮುರಿದೆಯಲ್ಲಮ್ಮಾ" ಎಂದರು, ಸಿಟ್ಟಿಲ್ಲದೆ, ಗೆದ್ದವರ ದನಿಯಲ್ಲಿ. ಮುರಿದದ್ದು ನಿಜವೇ. ಯಾರೂ ಐದನೇ ಅಧ್ಯಾಯ ತೆಗೆಯಲಿಲ್ಲ. ಎಲ್ಲರೂ ನಮ್ಮಿಬ್ಬರ ಮುಖ ನೋಡುವುದರಲ್ಲಿದ್ದರು.

ಕ್ಲಾಸು ಈಗ ಕಾಯಂ ಆಗಿ ಮೇಷ್ಟ್ರದು. ಹೊಸ ಒಡಂಬಡಿಕೆ ಮುಟ್ಟಿ ಬಹಳ ದಿನವಾಯಿತಂತೆ. ಅಯ್ಯನವರು ಮೊನ್ನೆ ಅಂಗಡಿಗೆ ಬಂದು, ಈ ಸಲ ಅಗೆತದಲ್ಲಿ ಸಿಕ್ಕ ಯೆರೂಸಲೇಮಿನ ಬಗ್ಗೆ ಇನ್ನೊಂದು ಪುಸ್ತಕ ತಂದಿದ್ದರು. "ಓದಿ ಅಕ್ಕಾ, ನಿಮಗೆ ಇಷ್ಟ ಆಗುತ್ತೆ" ಎಂದರು.

"ಮೇಷ್ಟ್ರಿಗೆ ಕೊಡಿ" ಎಂದು ವಾಪಸ್ ಕಳಿಸಿದೆ.