ಕಾಲು ನೋಡದೆ ಸಹಿ ಹಾಕದವರು

ಸಿಂಗಾಪುರದ ಆಂಗ್ ಮೋ ಕಿಯೋದಲ್ಲಿ ನಮ್ಮ ಬ್ಲಾಕಿನ ಅಂಕಲ್ಲರ ಪ್ಯಾಂಟಿನ ಎರಡು ಮೊಣಕಾಲಿನ ಮೇಲೂ ಭಾನುವಾರವೆಂದರೆ ಒಣಗಿದ ಕೆಸರು. ಹಾಗೆಯೇ ಎಂಆರ್‌ಟಿ ರೈಲು ಹತ್ತುತ್ತಿದ್ದರು. ಪಕ್ಕದವರು ಸರಿದು ಕೂತರೆ ಆರಾಮಾಗಿ ಕಾಲು ಚಾಚುತ್ತಿದ್ದರು.

ಉಡುಪಿ ಕಡೆಯವರು. ಸೆಲೆಟಾರಿನಲ್ಲಿ ವಿಮಾನ ತಪಾಸಣೆಯ ಕೆಲಸ. ಕಣ್ಣಾರೆ ಕಾಣದ ಬೋಲ್ಟಿಗೆ ಸಹಿ ಹಾಕಿದವರಲ್ಲ. ಉತ್ತರ ತೀರದ ಕೆಸರಿನಲ್ಲಿ ಹಕ್ಕಿ ನೋಡುವಾಗಲೂ ಅದೇ ಹಟ. ನೋಟ್‌ಬುಕ್ಕಿನಲ್ಲಿ ಕೊಕ್ಕು, ಬಣ್ಣ, ಕಾಲು ಎಂದು ಮೂರು ಕಾಲಂ. ಮೂರೂ ತುಂಬದಿದ್ದರೆ ‘ಗೊತ್ತಿಲ್ಲ’ ಎಂದು ಬರೆದು ಸಹಿ.

ಅವರಿಗಿದ್ದ ಆಸೆ ಒಂದೇ, ನಾರ್ಡ್‌ಮನ್ಸ್ ಗ್ರೀನ್‌ಶ್ಯಾಂಕ್. ಅಳಿವಿನಂಚಿನ ಹಕ್ಕಿ, ಇಲ್ಲಿಗೆ ಬರುವುದೇ ಅಪರೂಪ. ಸಾಮಾನ್ಯ ಗ್ರೀನ್‌ಶ್ಯಾಂಕ್‌ಗಳ ನಡುವೆ ನಿಂತರೆ ಗುರುತು ಹತ್ತದು. ಪಕ್ಷಿಶಾಸ್ತ್ರದ ಪಂಡಿತರು ಹಿಂದೆ ಅದಕ್ಕೆ ಬೇರೆ ಕುಲ ಕೊಟ್ಟು, ಆಮೇಲೆ ಗ್ರೀನ್‌ಶ್ಯಾಂಕ್‌ಗಳ ಕುಲಕ್ಕೇ ಸೇರಿಸಿದರಂತೆ.

“ಕುಲ ಅವ್ರು ಎಷ್ಟ್ ಸಲ ಬೇಕಾದ್ರೂ ಚೇಂಜ್ ಮಾಡ್ಲಿ ಮಾರಾಯ, ಕಾಲು ಚೇಂಜ್ ಆಗಲ್ಲ” ಎನ್ನುತ್ತಿದ್ದರು. ಇದರ ಕಾಲು ಗಿಡ್ಡ. ಹಾರುವಾಗ ಬೆರಳು ಬಾಲದಾಚೆ ಚಾಚುವುದಿಲ್ಲವೆಂದೇ ಹೇಳಬೇಕು.

ಹಿಂದಿನ ವರ್ಷ ಅಂಥದ್ದೊಂದನ್ನು ಕಂಡಿದ್ದರು. ಕಾಲು ಕಾಣುವ ಮೊದಲೇ ಅದು ಕಾಂಡ್ಲಾ ಮರಗಳ ಹಿಂದೆ ಹೋಯಿತು. ‘ಗೊತ್ತಿಲ್ಲ’ ಎಂದು ಬರೆದರು. ಗೆಳೆಯರು ನಕ್ಕರು. ಅಂಕಲ್ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲವೆಂದು ಆಂಟಿ ಹೇಳಿದರು.

ನಿವೃತ್ತರಾಗಿ ಊರಿಗೆ ಶಿಫ್ಟ್ ಆಗುವ ಮುಂಚಿನ ಕೊನೆಯ ಭಾನುವಾರ, ಕ್ಯಾಮೆರಾ ಹಿಡಿದು ನಾನೂ ಹೋಗಿದ್ದೆ. ಏರುವ ನೀರಿನಲ್ಲಿ ಒಂದು ಹಕ್ಕಿ ನಿಂತಿತ್ತು. ದಪ್ಪ ಕೊಕ್ಕು, ಬುಡದಲ್ಲಿ ಹಳದಿ.

“ಅಂಕಲ್, ಅದೇ! ಬರ್ಕೊಳ್ಳಿ!”

“ಕಾಲು ನೋಡಿದ್ಯಾ?”

“ನೀರಲ್ಲಿದೆ.”

“ಹಾಗಾದ್ರೆ ಬಾಯಿ ಮುಚ್ಕೊಂಡು ಫೋಕಸ್ ಮಾಡು.”

ಕೆಸರಿನಲ್ಲಿ ಮೊಣಕಾಲೂರಿದರು. ಒಂದು ಗಂಟೆ ಕಳೆಯಿತು. ತಾಳಲಾರದೆ ಅದನ್ನು ಹಾರಿಸಲು ಚಪ್ಪಾಳೆಗೆ ಕೈ ಎತ್ತಿದೆ. ಅಂಕಲ್ ಗಪ್ಪೆಂದು ಹಿಡಿದರು.

“ಎಷ್ಟು ದೂರದಿಂದ ಬಂದಿದೆ ಪಾಪ. ನಮ್ಮ ನೋಟ್‌ಬುಕ್ಕಿಗೋಸ್ಕರ ಎಬ್ಬಿಸ್ಬೇಡ.”

ನೀರು ಹೊಟ್ಟೆ ಮುಟ್ಟಿದಾಗ ಅದು ತಾನಾಗಿಯೇ ಎದ್ದಿತು. ನೇರ ನಮ್ಮ ತಲೆಯ ಮೇಲೆ ಬಂತು. ನನ್ನ ಕ್ಯಾಮೆರಾ ಟಕಟಕ ಎಂದಿತು.

“ಕಾಲು ಒಳಗೇ ಉಂಟು! ಒಳಗೇ ಉಂಟು!” ನಮ್ಮೊಡನೆ ಆಡುತ್ತಿದ್ದ ಬೆಂಗಳೂರು ಮಾತೆಲ್ಲ ಮರೆತು ಅಂಕಲ್ ಕೆಸರಿನಲ್ಲೇ ಕುಣಿದರು. ನಾನೂ ಕುಣಿದೆ, ಒಂದು ಶೂ ಅಲ್ಲೇ ಹೋಯಿತು.

ನನ್ನ ಫೋಟೋ ನೋಡಿ ಹಕ್ಕಿ ದಾಖಲೆಗಳ ಸಮಿತಿ ಅದೇ ವಾರ ಒಪ್ಪಿಕೊಂಡಿತು. ನಕ್ಕಿದ್ದವರಿಗೆಲ್ಲ ಅಂಕಲ್ ಹಾಕರ್ ಸೆಂಟರಿನ ತಿಂಡಿ ಮಳಿಗೆಯಲ್ಲಿ ಚಹಾ ಕುಡಿಸಿದರು. “ಹೋದ ವರ್ಷದ್ದೂ ಅದೇ ಇರ್ಬೇಕು ಅಂಕಲ್, ತಿದ್ದಿಬಿಡಿ” ಎಂದೆ ನಾನು.

ಅವರು ಪೆನ್ನಿನ ಮುಚ್ಚಳ ಹಾಕಿದರು. “ಅದರ ಕಾಲು ನಾನು ಇವತ್ತೂ ನೋಡಿಲ್ವಲ್ಲ.”

ಊರಿಗೆ ಹೋಗುವಾಗ ಆ ನೋಟ್‌ಬುಕ್ ನನಗೆ ಕೊಟ್ಟರು. ಕೇಳಿದವರಿಗೆಲ್ಲ ಹೆಮ್ಮೆಯಿಂದ ತೋರಿಸುತ್ತೇನೆ. ಮೊದಲು ತೆರೆಯುವುದು ಹಿಂದಿನ ವರ್ಷದ ‘ಗೊತ್ತಿಲ್ಲ’ದ ಪುಟವನ್ನೇ.