ಅಣ್ಣನ ಕಾರಿನ ಅಡಿಯಲ್ಲಿ

ಗ್ಯಾರೇಜಿನಲ್ಲಿ ಎಲ್ಲರೂ ಅವನನ್ನು ತುಕ್ಕಣ್ಣ ಎಂದೇ ಕರೆಯುತ್ತಿದ್ದರು. ಇಂಜಿನ್ನಿಗೆ ಒಬ್ಬ, ವೈರಿಂಗಿಗೆ ಒಬ್ಬ, ಬಣ್ಣಕ್ಕೆ ಒಬ್ಬ ಇದ್ದ ಹಾಗೆ ತುಕ್ಕಿಗೆ ಅವನು. ಸಮುದ್ರಕ್ಕೆ ಹತ್ತಿರದ ಊರು ಅದು. ಉಪ್ಪುಗಾಳಿಗೆ ಕಿಟಕಿಯ ಸರಳುಗಳೇ ಉದುರುತ್ತಿದ್ದವು; ಇನ್ನು ಕೆಸರು, ಮಳೆನೀರನ್ನೆಲ್ಲ ಹೊಟ್ಟೆಗೆ ಮೆತ್ತಿಕೊಂಡು ತಿರುಗುವ ಕಾರುಗಳ ಪಾಡು ಕೇಳಬೇಕೇ. ಗ್ಯಾರೇಜಿನ ಹಿಂಬದಿಯಲ್ಲಿ ಆಳೆತ್ತರದ ಒಂದು ಉದ್ದನೆಯ ಗುಂಡಿ. ಅದರ ಮೇಲೆ ಕಾರು ನಿಲ್ಲಿಸಿದರೆ ಕೆಳಗೆ ನಿಂತು ಕೆಲಸ ಮಾಡಬಹುದು. ತುಕ್ಕಣ್ಣ ಬೆಳಿಗ್ಗೆ ಅದರೊಳಗೆ ಇಳಿದರೆ ಊಟಕ್ಕೊಮ್ಮೆ ಮೇಲೆ ಬರುತ್ತಿದ್ದ, ಬಿಟ್ಟರೆ ಸಂಜೆಗೇ.

ಸುತ್ತಿಗೆಯಿಂದ ಚಾಸಿಯನ್ನು, ಅಂದರೆ ಕಾರಿನಡಿಯ ಕಬ್ಬಿಣದ ಚೌಕಟ್ಟನ್ನು, ಬಡಿಯುತ್ತ ಹೋಗುವುದು ಅವನ ಮೊದಲ ಕೆಲಸ. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ. ಒಳಗೊಳಗೇ ತಿಂದುಹೋದದ್ದು ಒದ್ದೆ ರಟ್ಟಿನಂತೆ ಥಪ್ ಎನ್ನುತ್ತದೆ. ಥಪ್ ಎಂದ ಕಡೆ ಹಳೆಯ ಬಣ್ಣ ಕೆರೆದು, ತಂತಿ ಬ್ರಷ್ಷಿನಲ್ಲಿ ಉಜ್ಜಿ, ಗ್ರೈಂಡರ್ ಹಿಡಿದು, ಹೊಳೆಯುವ ಲೋಹ ಕಾಣುವವರೆಗೆ ಬಿಡುತ್ತಿರಲಿಲ್ಲ. ಆಮೇಲೆ ಕೆಂಪು ಪ್ರೈಮರ್, ಅದರ ಮೇಲೆ ಬಣ್ಣ, ಕೊನೆಗೆ ಚಾಸಿಯ ಟೊಳ್ಳಿನೊಳಗೆ ಸಪೂರ ಕೊಳವೆ ತೂರಿಸಿ ಎಣ್ಣೆ ಬೆರೆತ ಮೇಣ ಸಿಂಪಡಿಸುವುದು. ತುಕ್ಕಿನ ಮೇಲೆಯೇ ಟಾರು ಬಳಿದು ಕಳಿಸಿಬಿಡಿ ಎನ್ನುವ ಗಿರಾಕಿಗಳೂ ಬರುತ್ತಿದ್ದರು. ಗಾಯ ತೊಳೆಯದೆ ಪಟ್ಟಿ ಕಟ್ಟಿದ ಹಾಗಾಗುತ್ತದೆ, ಒಳಗೆ ನೀರು ಕೂತು ಇನ್ನೂ ಬೇಗ ಕೊಳೆಯುತ್ತದೆ ಎಂದು ಗುಂಡಿಯೊಳಗಿಂದಲೇ ಹೇಳುತ್ತಿದ್ದ. ಅವರಿಗೆ ಅವನ ಮುಖ ಕಾಣುತ್ತಿರಲಿಲ್ಲ, ಅವನಿಗೆ ಅವರ ಚಪ್ಪಲಿಯಷ್ಟೇ ಕಾಣುತ್ತಿತ್ತು.

ಮದುವೆಯಾಗಿರಲಿಲ್ಲ. ವಯಸ್ಸಿನಲ್ಲಿ ಒಂದು ಸಂಬಂಧ ಬಂದಿತ್ತು. ಹುಡುಗಿಯ ಸೋದರಮಾವ ಗ್ಯಾರೇಜಿಗೆ ಬಂದು ಹುಡುಗ ಎಲ್ಲಿ ಎಂದು ಕೇಳಿದಾಗ ಮಾಲೀಕ ನೆಲದ ಕಡೆ ಬೆರಳು ತೋರಿಸಿದನಂತೆ. ಆ ಮಾತು ಅಲ್ಲಿಂದ ಮೇಲೇಳಲೇ ಇಲ್ಲ ಎಂದು ತುಕ್ಕಣ್ಣ ತಾನೇ ನಗುತ್ತ ಹೇಳುತ್ತಿದ್ದ. ಅವನ ಕೋಣೆ ಒಂದು ಟೈಲರ್ ಅಂಗಡಿಯ ಮೇಲಿತ್ತು. ಕೆಲಸದಿಂದ ಬಂದು ಕೈಯನ್ನು ಸೀಮೆಎಣ್ಣೆಯಲ್ಲಿ ತಿಕ್ಕಿ, ಸೋಪು ಹಚ್ಚಿ ತೊಳೆದು, ಒಂದೇ ಪಾತ್ರೆಯಲ್ಲಿ ಅನ್ನಕ್ಕಿಡುತ್ತಿದ್ದ. ಅದು ಬೇಯುವಷ್ಟು ಹೊತ್ತು ಕೆಳಗಿನ ಹೊಲಿಗೆ ಯಂತ್ರದ ಸದ್ದು ಜೊತೆಗಿರುತ್ತಿತ್ತು. ಟೈಲರ್ ಬಾಗಿಲು ಎಳೆದುಕೊಂಡು ಹೋದ ಮೇಲೆ ರೇಡಿಯೊ ಹಾಕುತ್ತಿದ್ದ. ಹಾಡು ಬಂದರೆ ಸ್ಟೇಷನ್ ತಿರುಗಿಸುತ್ತಿದ್ದ. ಅವನಿಗೆ ಬೇಕಾಗಿದ್ದದ್ದು ಯಾರಾದರೂ ಮಾತಾಡುವುದು.

ಒಡಹುಟ್ಟಿದವನು ಒಬ್ಬನಿದ್ದ, ಅದೇ ಊರಿನ ಇನ್ನೊಂದು ತುದಿಯಲ್ಲಿ. ಅಣ್ಣನಿಗೆ ಸಿಮೆಂಟಿನ ಅಂಗಡಿ, ಸ್ವಂತ ಮನೆ, ಹೆಂಡತಿ, ಒಬ್ಬಳು ಮಗಳು. ತಾಯಿ ಅವನ ಮನೆಯಲ್ಲೇ ಇದ್ದಳು. ಆಕೆ ತೀರಿಕೊಂಡ ದಿನ ತುಕ್ಕಣ್ಣನಿಗೆ ಸುದ್ದಿ ಮುಟ್ಟಿದ್ದು ಸಂಜೆ. ಓಡಿಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ನೆಂಟರೆಲ್ಲ ಕೂತಿದ್ದ ಅಂಗಳದಲ್ಲಿ ಅಣ್ಣ ತಲೆಯೆತ್ತಿ, "ಈಗ ಬಂದ್ಯಾ?" ಎಂದ. ಅಷ್ಟೇ. ತುಕ್ಕಣ್ಣ ಮೆಟ್ಟಿಲು ಹತ್ತದೆ ಹಿಂದಿರುಗಿದ. ಆಮೇಲೆ ಇವನೂ ಹೋಗಲಿಲ್ಲ, ಅವನೂ ಬರಲಿಲ್ಲ. ಮಾತು ಬಿಟ್ಟು ಹೋಯಿತು.

ಕೆಲವು ವರ್ಷ ಕಳೆದ ಮೇಲೆ, ಮಳೆಗಾಲಕ್ಕೆ ಮುಂಚೆ, ಗುಂಡಿಯ ಮೇಲೆ ಒಂದು ಎತ್ತರದ ಹಳೆಯ ಕಾರು ಬಂದು ನಿಂತಿತು. ದೀಪ ಹಿಡಿದು ನೋಡುತ್ತ ಹೋದ ತುಕ್ಕಣ್ಣ ಚಾಸಿಯ ಅಡ್ಡಪಟ್ಟಿಯೊಂದರ ಹತ್ತಿರ ನಿಂತುಬಿಟ್ಟ. ಅಲ್ಲೊಂದು ಸೊಟ್ಟ ಬೆಸುಗೆ. ಅದು ಅವನು ಬದುಕಿನಲ್ಲಿ ಹಾಕಿದ ಮೊದಲ ಬೆಸುಗೆ. ಅಪ್ಪ ಅದನ್ನು ನೋಡಿ, ಎರೆಹುಳ ಹರಿದ ಹಾಗಿದೆ, ಆದರೂ ಬಿಡುವುದಿಲ್ಲ ಬಿಡು ಎಂದಿದ್ದ. ಅಪ್ಪನ ನಂತರ ಕಾರು ಅಣ್ಣನ ಮನೆಯಲ್ಲೇ ಉಳಿದಿತ್ತು.

ಕಾರು ತಂದವನು ಅಣ್ಣನ ಡ್ರೈವರ್. ಅವನ ಭಾವನ ಪಂಚರ್ ಅಂಗಡಿ ಗ್ಯಾರೇಜಿನ ಎದುರಿಗೇ ಇದ್ದದ್ದರಿಂದ, ಹರಟೆಯೂ ಆಯಿತು ಕೆಲಸವೂ ಆಯಿತು ಎಂದು ಇಲ್ಲಿಗೆ ತಂದಿದ್ದ. ಇಲ್ಲಿ ಕೆಲಸ ಮಾಡುವವನು ಯಾರೆಂದು ಅವನಿಗೆ ಗೊತ್ತಿಲ್ಲ, ತಮ್ಮ ಇರುವುದು ಯಾವ ಗ್ಯಾರೇಜಿನಲ್ಲಿ ಎಂದು ಅವನ ಯಜಮಾನನಿಗೂ ಗೊತ್ತಿಲ್ಲ. ತುಕ್ಕಣ್ಣ ಹೇಳಲಿಲ್ಲ. ಆ ಕಾರಿಗೆ ಮಾತ್ರ ಎರಡು ಸಲ ಪ್ರೈಮರ್ ಬಳಿದ. ಕೆಸರು ತುಂಬಿ ಕಟ್ಟಿಕೊಂಡಿದ್ದ ನೀರಿಳಿಯುವ ತೂತುಗಳನ್ನೆಲ್ಲ ತಂತಿಯಿಂದ ಬಿಡಿಸಿದ. ಸಮುದ್ರದ ಕಡೆ ಹೋಗಿಬಂದರೆ ಕಾರಿನ ತಳಕ್ಕೆ ಸಿಹಿನೀರು ಹೊಡೆದು ತೊಳೆಯಬೇಕು ಎಂದು ಡ್ರೈವರಿಗೆ ಮತ್ತೆ ಮತ್ತೆ ಹೇಳಿದ.

ಅಂದಿನಿಂದ ವರ್ಷಕ್ಕೊಮ್ಮೆ ಕಾರು ಬರತೊಡಗಿತು. ಅಣ್ಣನ ಸಂಸಾರದ ಸುದ್ದಿ ತುಕ್ಕಣ್ಣನಿಗೆ ಸಿಗುತ್ತಿದ್ದದ್ದು ಹಾಗೆ. ಒಂದು ವರ್ಷ ಚಾಸಿಯ ಸಂದುಗಳಲ್ಲೆಲ್ಲ ಬಿಳಿ ಮರಳಿತ್ತು. ಮಗಳನ್ನು ಆಗಾಗ ದಂಡೆಗೆ ಕರೆದೊಯ್ಯುತ್ತಿದ್ದಾರೆ ಎಂದುಕೊಂಡ. ಇನ್ನೊಂದು ವರ್ಷ ಸೈಲೆನ್ಸರಿನ ಹೊಟ್ಟೆ ನೆಲಕ್ಕೆ ತಾಗಿ ಉಜ್ಜಿಹೋಗಿತ್ತು. ಅಂಗಡಿಯ ಸಾಮಾನನ್ನು ಇದರಲ್ಲೇ ಹೇರುತ್ತಿದ್ದಾನೆ, ವ್ಯಾಪಾರ ಜೋರಿರಬೇಕು. ಮತ್ತೊಂದು ವರ್ಷ ಪೆಟ್ರೋಲ್ ಟ್ಯಾಂಕಿನ ಮೇಲೆ ಇಲಿ ಗೂಡು ಕಟ್ಟಿ, ಒಣ ಎಲೆ ತುಂಬಿಕೊಂಡಿತ್ತು. ಕಾರು ತಿಂಗಳುಗಟ್ಟಲೆ ನಿಂತಲ್ಲೇ ನಿಂತಿದೆ. ಬೇರೇನೋ ಕೇಳುವವನ ಹಾಗೆ ಡ್ರೈವರನ್ನು ವಿಚಾರಿಸಿದ. ಯಜಮಾನರಿಗೆ ಎದೆಯ ಆಪರೇಷನ್ ಆಗಿತ್ತು, ಈಗ ಪರವಾಗಿಲ್ಲ, ಮೆಲ್ಲಗೆ ಓಡಾಡುತ್ತಾರೆ ಎಂದ ಅವನು. ತುಕ್ಕಣ್ಣ ಆ ದಿನ ಊಟಕ್ಕೆ ಮೇಲೆ ಬರಲಿಲ್ಲ. ಆಮೇಲೂ ನೋಡಲು ಹೋಗಲಿಲ್ಲ. ಒಂದು ಭಾನುವಾರ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಸ್ ನಿಲ್ದಾಣದವರೆಗೆ ಹೋದ. ಆಗಲೂ ಹೊತ್ತಿಗೆ ಬರಲಿಲ್ಲ, ಈಗಲೂ ಎಲ್ಲ ಮುಗಿದ ಮೇಲೆ ಬಂದ ಎಂದಾರು ಅನ್ನಿಸಿ, ಎರಡು ಬಸ್ಸು ಹೋಗಲು ಬಿಟ್ಟು ವಾಪಸಾದ.

ಮುಂದಿನ ವರ್ಷ ಕಾರು ಬರಲೇ ಇಲ್ಲ. ಅದರ ಮುಂದಿನ ಬೇಸಿಗೆಯಲ್ಲಿ ಬಂತು. ಗುಂಡಿಯ ಅಂಚಿನಲ್ಲಿ ಕಂಡದ್ದು ಡ್ರೈವರಿನ ಹವಾಯಿ ಚಪ್ಪಲಿಯಲ್ಲ, ಕಪ್ಪು ಬೂಟು. ಡ್ರೈವರ್ ಕೆಲಸ ಬಿಟ್ಟಿದ್ದಾನೆ, ಅವನು ಹೇಳಿದ ಜಾಗ ಹುಡುಕಿಕೊಂಡು ಬಂದೆ ಎಂದು ಮಾಲೀಕನಿಗೆ ಹೇಳುತ್ತಿದ್ದ ದನಿ ಕೇಳಿ ತುಕ್ಕಣ್ಣನ ಕೈಯ ಸುತ್ತಿಗೆ ನಿಂತಿತು. ದನಿ ತೆಳ್ಳಗಾಗಿತ್ತು, ನಡುನಡುವೆ ಉಸಿರು ಎಳೆಯುತ್ತಿತ್ತು. ಆದರೆ ಅಣ್ಣನದೇ.

ಮಾಲೀಕ ಬೇರೆ ಗಿರಾಕಿಯ ಕಡೆ ಹೋದ. ತುಕ್ಕಣ್ಣ ಏನೂ ಆಗದವನಂತೆ ಬಡಿಯುತ್ತ ಹಿಂದಕ್ಕೆ ಸರಿದ. ಹಿಂಚಕ್ರದ ಸ್ಪ್ರಿಂಗ್ ಹಿಡಿದಿರುವ ಜಾಗದಲ್ಲಿ ಸುತ್ತಿಗೆ ಥಪ್ ಎನ್ನಲೂ ಇಲ್ಲ, ನೇರ ಒಳಗೆ ಹೋಯಿತು. ಅಂಗೈಯಗಲದ ತುಕ್ಕಿನ ಹಕ್ಕಳೆ ಅವನ ಭುಜದ ಮೇಲೆ ಬಿತ್ತು. ಓಡುವಾಗ ಆ ಜಾಗ ಕಳಚಿದ್ದರೆ ಹಿಂದಿನ ಚಕ್ರ ಓರೆಯಾಗಿ ಕಾರು ಎತ್ತ ಬೇಕಾದರೂ ಎಳೆದುಕೊಂಡು ಹೋಗುತ್ತಿತ್ತು.

"ಏನಾಯ್ತು?" ಎಂದಿತು ಮೇಲಿನ ದನಿ.

ಗಿರಾಕಿಗಳೊಡನೆ ಅವನು ಯಾವತ್ತೂ ಬಹುವಚನದಲ್ಲೇ ಮಾತಾಡುವವನು. ಆ ಗಾಬರಿಯಲ್ಲಿ ನಾಲಿಗೆ ಹಳೆಯ ದಾರಿ ಹಿಡಿಯಿತು.

"ಹಿಂದೆ ಪೂರ್ತಿ ತಿಂದೋಗಿದೆ. ಇದನ್ನ ಹೀಗೇ ಓಡಿಸ್ಬೇಡ ನೀನು."

ಬೂಟುಗಳು ಗುಂಡಿಯ ಕಡೆ ತಿರುಗಿದವು.

"ಯಾರು ಅದು?"

ತುಕ್ಕಣ್ಣ ಭುಜದ ಪುಡಿ ಕೊಡವಿಕೊಂಡ. ತಪ್ಪಿಸಿಕೊಳ್ಳಲು ಗುಂಡಿಗೆ ಇನ್ನೊಂದು ಬಾಗಿಲಿರಲಿಲ್ಲ.

"ನಾನೇ."

ಅಣ್ಣ ಕಾರಿನ ಮೈ ಹಿಡಿದುಕೊಂಡು, ಕಷ್ಟಪಟ್ಟು, ಎಣ್ಣೆಗಲೆಯ ನೆಲದ ಮೇಲೆ ಕೂತ. ಆದರೂ ಮುಖ ಕಾಣಲಿಲ್ಲ, ಮೊಣಕಾಲು ಕಂಡಿತು.

"ಇಷ್ಟು ವರ್ಷ ನೀನೇ ಮಾಡ್ತಿದ್ಯಾ ಇದನ್ನ?"

"ಹೂಂ."

"ಡ್ರೈವರ್ ಹೇಳ್ಲಿಲ್ಲ."

"ಅವನಿಗೆ ಗೊತ್ತಿರ್ಲಿಲ್ಲ."

ಅಣ್ಣ ಮೊಣಕಾಲು ನೀವಿಕೊಳ್ಳುತ್ತ, "ಅಮ್ಮ ಹೋದ ದಿನ ನಿನ್ನ ಮೊಬೈಲಿಗೆ ಮಾಡ್ತಾನೇ ಇದ್ದೆ," ಎಂದ.

"ಗ್ರೈಂಡರ್ ಓಡ್ತಿತ್ತು, ಅಣ್ಣ. ಕೇಳಿಸ್ಲಿಲ್ಲ."

ಇಷ್ಟು ವರ್ಷ ಇಬ್ಬರ ನಡುವೆ ನಿಂತಿದ್ದದ್ದು ಇಷ್ಟೇ. ಹೇಳಿದ ಮೇಲೆ ಅದು ಎಷ್ಟು ಚಿಕ್ಕದೆಂದು ಇಬ್ಬರಿಗೂ ಕಂಡಿತು. ತುಕ್ಕಣ್ಣ ಮೆಟ್ಟಿಲು ಹತ್ತಿ ಮೇಲೆ ಬಂದ. ಅಣ್ಣನ ಕೂದಲೆಲ್ಲ ಬೆಳ್ಳಗಾಗಿತ್ತು, ಅಂಗಿಯ ಕಾಲರಿನೊಳಗೆ ಕತ್ತು ಸಡಿಲವಾಗಿತ್ತು. ಕೈ ಕೊಟ್ಟು ಎಬ್ಬಿಸಿದ. ಅಣ್ಣನ ಅಂಗೈಗೆಲ್ಲ ಕೆಂಪು ಪುಡಿ ಹತ್ತಿತು.

ಕಾರು ಒಂದು ವಾರ ಗುಂಡಿಯ ಮೇಲಿತ್ತು. ಟ್ಯಾಂಕು ಇಳಿಸಿ, ಕೊಳೆತ ಭಾಗವನ್ನು ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ, ದಪ್ಪ ತಗಡನ್ನು ಬಗ್ಗಿಸಿ ಕೂರಿಸಿ ಬೆಸೆದ. ಅಣ್ಣ ಮಧ್ಯಾಹ್ನಗಳಲ್ಲಿ ರಿಕ್ಷಾದಲ್ಲಿ ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದ. ಏನು ಬಳಿಯುತ್ತಿದ್ದೀಯ, ಎಷ್ಟು ಹೊತ್ತು ಒಣಗಬೇಕು ಎಂದು ಕೇಳುತ್ತಿದ್ದ. ತುಕ್ಕಣ್ಣ ಕೆಳಗಿನಿಂದ ಉತ್ತರ ಕೊಡುತ್ತಿದ್ದ. ಬೇರೆ ಮಾತು ಬರುತ್ತಿರಲಿಲ್ಲ.

ಕಾರು ಹೋದ ಮೇಲಿನ ಭಾನುವಾರ ಅತ್ತಿಗೆ ಊಟಕ್ಕೆ ಕರೆದಳು. ಹೋದ. ಮಗಳು ಓದಲು ಬೇರೆ ಊರು ಸೇರಿದ್ದಳು, ಮನೆ ದೊಡ್ಡದೆನ್ನಿಸಿತು. ಅವನು ಬೇಡ ಎಂದರೂ ಅತ್ತಿಗೆ ಬಡಿಸಿ, ಇಷ್ಟು ಇಳಿದುಹೋಗಿದ್ದೀಯಲ್ಲ ಎಂದು ನೊಂದುಕೊಂಡಳು. ಕಾರಿನ ವಿಷಯ ಮುಗಿಯಿತು, ಅಣ್ಣನ ಮಾತ್ರೆಗಳ ವಿಷಯ ಮುಗಿಯಿತು. ಅಣ್ಣ ಹಜಾರದ ಕುರ್ಚಿಯಲ್ಲಿ ತೆಳು ಹೊದಿಕೆ ಎಳೆದುಕೊಂಡು ಒರಗಿ ಹಾಗೇ ನಿದ್ದೆ ಹೋದ. ಅತ್ತಿಗೆ ಒಳಗೆ ಪಾತ್ರೆ ತೊಳೆಯುತ್ತಿದ್ದಳು.

ತುಕ್ಕಣ್ಣ ಎದುರಿಗೆ ಕೂತೇ ಇದ್ದ. ಮಲಗಿದ ಮನುಷ್ಯನೊಬ್ಬನಿರುವ ಕೋಣೆಯಲ್ಲಿ ಕೂತು ಎಷ್ಟೋ ಕಾಲವಾಗಿತ್ತು. ಏಳಲು ಮನಸ್ಸಿಲ್ಲ, ಇರಲು ಏನು ಮಾಡಬೇಕೆಂದು ತಿಳಿಯದು. ಕಾಲು ಚಾಚಲೇ, ಪೇಪರು ಎತ್ತಿಕೊಳ್ಳಲೇ ಎಂದು ಒದ್ದಾಡಿದ. ಕೊನೆಗೆ ಫ್ಯಾನಿನ ಗಾಳಿಗೆ ಅಣ್ಣನ ಹೊದಿಕೆ ಜಾರಿದ್ದನ್ನು ನೋಡಿ, ಎದ್ದು ಹೋಗಿ ಸರಿಮಾಡಿ, ಮತ್ತೆ ತನ್ನ ಕುರ್ಚಿಗೆ ಬಂದು ಕೂತ.